ಹಳೆಯ ಕಂಪ್ಯೂಟರಿನ ಲೆಕ್ಕಪತ್ರಗಳನ್ನು ಹೊಸದಕ್ಕೆ ತರುವ ಬಗೆ

(ರೈತರ ಸಂಜೆಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಾಂಡಕೊರಕದ ವಿಷಯವನ್ನೋ, ತೋಟಕ್ಕೆ ಸುಣ್ಣ ಹಾಕುವ ವಿಷಯವನ್ನೋ ಹೇಳುತ್ತೇನೆಂದು ಬಂದವರು ಈ ಹೊತ್ತು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಇಂದು ನಾನು ಮಾತನಾಡಬೇಕೆಂದಿರುವುದು ಕಂಪ್ಯೂಟರಿನ ವಿಷಯ. ಕೃಷಿ ಡಿಪ್ಲೊಮಾ ಓದಿದವನಿಗೂ ಕಂಪ್ಯೂಟರಿಗೂ ಏನು ನಂಟು ಎಂದು ಹಿರಿಯರು ಕೇಳಬಹುದು. ನಂಟು ನೀವೇ ಹಾಕಿದ್ದು. ಈಚೆಗೆ ಯಾವ ತೋಟಕ್ಕೆ ಹೋದರೂ ಗಿಡದ ಎಲೆ ತೋರಿಸುವ ಮೊದಲೇ, "ಹೊಸ ಕಂಪ್ಯೂಟರು ತಂದಿದ್ದೇವೆ, ಹಳೆಯದರಲ್ಲಿ ಇದ್ದುದೆಲ್ಲ ಇದಕ್ಕೆ ಬರುವುದು ಹೇಗೆ?" ಎಂದು ಕೇಳುತ್ತೀರಿ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳುವುದು ಮೇಲೆಂದು ಈ ಸಭೆ.

ಇಷ್ಟು ಜನ ಒಂದೇ ಕಾಲಕ್ಕೆ ಯಂತ್ರ ಬದಲಿಸಲು ಒಂದು ಕಾರಣವಿದೆ. ನಮ್ಮ ಮನೆಗಳಲ್ಲಿರುವ ಹೆಚ್ಚಿನ ಕಂಪ್ಯೂಟರುಗಳು ನಡೆಯುತ್ತಿದ್ದುದು ವಿಂಡೋಸ್ ೧೦ ಎಂಬ ವ್ಯವಸ್ಥೆಯ ಮೇಲೆ. ಅದರ ದೋಷಗಳನ್ನು ಪುಕ್ಕಟೆಯಾಗಿ ತಿದ್ದಿಕೊಡುವ ಸಾಮಾನ್ಯ ಏರ್ಪಾಡನ್ನು ಮೈಕ್ರೋಸಾಫ್ಟ್ ಕಂಪನಿ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಎಂದು ಅವಧಿಯನ್ನೂ ಕೊಟ್ಟಿತು. ವಿಂಡೋಸ್ ೧೧ ಬಂದುದು ೨೦೨೧ರ ಅಕ್ಟೋಬರಿನಲ್ಲಿ. ಅದಕ್ಕೆ ಟಿಪಿಎಂ ಎಂಬ ರಕ್ಷಣಾ ಚಿಪ್ಪಿನ ೨.೦ ಆವೃತ್ತಿ ಬೇಕು. ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಅದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಬದಲಾಯಿಸಬೇಕಾಗಿ ಬಂದುದು ಹೀಗೆ. ನನ್ನನ್ನು ಕೇಳಿದರೆ, ನಡೆಯುವ ಎತ್ತನ್ನು ಕಟುಕನಿಗೆ ಕೊಟ್ಟಂತೆ ಅದನ್ನು ಕೂಡಲೇ ಕೊಟ್ಟುಬಿಡಬೇಕಾದ್ದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು, ಆ ಪೆಟ್ಟಿಗೆಯಲ್ಲಿ ನಿಮ್ಮದು ಏನಿದೆ ಎಂಬುದನ್ನು ಯೋಚಿಸಿ. ಇಂಚು ಸೆಂಟುಗಳಲ್ಲಿ ಬರೆದಿಟ್ಟ ಮಳೆಯ ಲೆಕ್ಕ ಇದೆ. ಆಳುಗಳ ಹಾಜರಿ, ಬಟವಾಡೆ, ಮುಂಗಡದ ಬಾಕಿ ಇದೆ. ಕ್ಯೂರಿಂಗಿಗೆ ಕಳಿಸಿದ ಚೆರಿಯ, ಪಾರ್ಚ್‌ಮೆಂಟಿನ ತೂಕ, ಮೆಣಸು ಮಾರಿದ ಚೀಟಿ, ಪಹಣಿ ಮತ್ತು ಪೋಡಿ ನಕ್ಷೆಯ ಪ್ರತಿ, ಬ್ಯಾಂಕಿನ ಸಾಲದ ಕಾಗದ, ಮಗಳ ಮದುವೆಯ ಪಟಗಳು ಇವೆ. ಈಗ ಇನ್ನೊಂದು ಸೇರಿದೆ. ಅರಣ್ಯ ಕಡಿದು ಬೆಳೆದ ಕಾಫಿಯನ್ನು ಕೊಳ್ಳಬಾರದೆಂದು ಯುರೋಪ್ ಒಕ್ಕೂಟ ೨೦೨೩ರಲ್ಲಿ ಒಂದು ನಿಯಮ ಮಾಡಿತು. ಆ ನಿಯಮದಂತೆ ಕಾಫಿ ಯಾವ ಜಮೀನಿನದು ಎಂಬುದನ್ನು ಅಕ್ಷಾಂಶ ರೇಖಾಂಶಗಳಲ್ಲಿ ತೋರಿಸಬೇಕು. ನಾಲ್ಕು ಹೆಕ್ಟೇರಿಗೆ, ಎಂದರೆ ಸುಮಾರು ಹತ್ತು ಎಕರೆಗೆ, ಮೇಲ್ಪಟ್ಟ ಜಮೀನಾದರೆ ಸುತ್ತಿನ ಗಡಿಯನ್ನೇ ಗುರುತಿಸಬೇಕು. ಬಿಸಿಲಿನಲ್ಲಿ ಬೇಲಿ ಸುತ್ತಿ ಆ ಗುರುತುಗಳನ್ನು ಫೈಲು ಮಾಡಿಟ್ಟವರು ಇಲ್ಲಿದ್ದೀರಿ. ಅದು ಹೋದರೆ ಮತ್ತೆ ಬೇಲಿ ಸುತ್ತಬೇಕು.

ಇವುಗಳಲ್ಲೆಲ್ಲ ಅತ್ಯಂತ ಜೋಪಾನವಾಗಿ ನೋಡಬೇಕಾದುದು ಯಾವುದೆಂದು ಕೇಳಿದರೆ ನಾನು ಮುಂಗಡದ ಲೆಕ್ಕವನ್ನೇ ಹೇಳುವೆನು. ಪಹಣಿಯ ಪ್ರತಿ ಕಳೆದರೆ ಇನ್ನೊಂದು ಪ್ರತಿ ತೆಗೆಸಬಹುದು. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲಿದೆ. ಲೈನ್ ಮನೆಯಲ್ಲಿರುವ ಆಳು ಎಷ್ಟು ಮುಂಗಡ ತೆಗೆದುಕೊಂಡ, ಎಷ್ಟು ವಾರ ಹಿಡಿಸಿ ತೀರಿಸಿದ ಎಂಬುದು ರೈಟರ ಕಂಪ್ಯೂಟರು ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ. ಆ ಫೈಲು ಅಳಿಸಿಹೋದ ದಿನ ಧಣಿಯ ಮಾತು ಒಂದು, ಆಳಿನ ಮಾತು ಇನ್ನೊಂದು ಆಗುತ್ತದೆ. ಅಂಥ ಸಂದರ್ಭದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಬಟವಾಡೆಯಲ್ಲಿ ಹಣ ಮುರಿಯುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಯಂತ್ರ ಬದಲಿಸುವ ಮುಂಚೆ ಆ ಒಂದು ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಆಳುಗಳಿಗೂ ಓದಿ ಹೇಳಿ, ಸಹಿ ಮಾಡಿಸಿ ಇಟ್ಟುಕೊಳ್ಳಿರಿ.

ಇನ್ನು ಕೆಲಸದ ವಿಷಯ. ಕಂಪ್ಯೂಟರಿನಲ್ಲಿರುವುದು ಎರಡು ಬಗೆ. ಫೈಲು ಒಂದು, ಪ್ರೋಗ್ರಾಮು ಒಂದು. ಈ ಭೇದ ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಆದಂತೆ.

ಫೈಲು ಎಂಬುದು ಮೂಟೆಯಲ್ಲಿರುವ ಕಾಫಿಯ ಹಾಗೆ. ಹಳೆಯ ಗೋದಾಮಿನಿಂದ ಹೊತ್ತು ಹೊಸ ಗೋದಾಮಿನಲ್ಲಿ ಇಳಿಸಿದರೆ ಅದೇ ಕಾಫಿ, ಅದೇ ತೂಕ. ಪ್ರೋಗ್ರಾಮು ಹಾಗಲ್ಲ, ಅದು ಪಲ್ಪರ್ ಇದ್ದಂತೆ. ಪಲ್ಪರನ್ನು ಗಾರೆಯ ಪೀಠಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಒಂದು ಕಡೆ ನೀರಿನ ಪೈಪು, ಇನ್ನೊಂದು ಕಡೆ ಮೋಟಾರಿನ ಬೆಲ್ಟು, ಕೆಳಗೆ ಸಿಪ್ಪೆ ಹೋಗುವ ಕಾಲುವೆ. ಡ್ರಮ್ಮನ್ನು ಮಾತ್ರ ಹೊತ್ತು ತಂದು ಹೊಸ ಜಾಗದಲ್ಲಿ ಇಟ್ಟರೆ ಒಂದು ಹಣ್ಣಿನ ಸಿಪ್ಪೆಯನ್ನೂ ಅದು ಬಿಡಿಸುವುದಿಲ್ಲ. ಟ್ಯಾಲಿಯಾಗಲಿ, ನುಡಿಯಾಗಲಿ, ಪ್ರಿಂಟರನ್ನು ನಡೆಸುವ ತಂತ್ರಾಂಶವಾಗಲಿ ತನ್ನ ಭಾಗಗಳನ್ನು ಹತ್ತು ಕಡೆ ಇಟ್ಟುಕೊಂಡಿರುತ್ತದೆ. ವಿಂಡೋಸಿನ ಒಳಗಿರುವ ಒಂದು ದಾಖಲೆ ಪುಸ್ತಕದಲ್ಲಿ ತನ್ನ ವಿಳಾಸವನ್ನೂ ಬರೆಸಿರುತ್ತದೆ. ಆದುದರಿಂದ ಫೈಲುಗಳನ್ನು ನಕಲು ಮಾಡಿ ತರಬೇಕು. ಪ್ರೋಗ್ರಾಮುಗಳನ್ನು ಹೊಸ ಯಂತ್ರದಲ್ಲಿ ಹೊಸದಾಗಿಯೇ ಕೂರಿಸಬೇಕು.

ಇವೆರಡರ ಮಧ್ಯೆ ಮೋಸ ಮಾಡುವ ಮೂರನೆಯದೊಂದಿದೆ. ಪರದೆಯ ಮೇಲೆ ಕಾಣುವ ಚಿತ್ರಗಳಲ್ಲಿ ಕೆಲವಕ್ಕೆ ಎಡಗಡೆ ಕೆಳಮೂಲೆಯಲ್ಲಿ ಬಗ್ಗಿದ ಬಾಣದ ಗುರುತು ಇರುತ್ತದೆ. ಅದನ್ನು ಶಾರ್ಟ್‌ಕಟ್ ಎನ್ನುತ್ತಾರೆ. ಅದು ಫೈಲೂ ಅಲ್ಲ, ಪ್ರೋಗ್ರಾಮೂ ಅಲ್ಲ, ಬರಿಯ ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬ ಊರೇ ಇದೆಯಷ್ಟೆ. ದಾರಿ ತೋರುವ ಆ ಮರದ ಕೈಯನ್ನು ಕಿತ್ತು ಮನೆಗೆ ತಂದರೆ ಗಿರಿ ಹಿಂದೆ ಬರುತ್ತದೆಯೇ?

ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ನಡೆದುದನ್ನು ಹೆಸರೆತ್ತದೆ ಹೇಳುತ್ತೇನೆ. ಆ ಮನೆಯ ಯಜಮಾನರು ಮಳೆಯ ಲೆಕ್ಕವನ್ನು ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದರು. ಕೈ ನಡುಗಲು ಆರಂಭವಾದ ಮೇಲೆ, ೨೦೧೨ರಿಂದ, ಸೊಸೆ ಅದನ್ನು ಕಂಪ್ಯೂಟರಿನಲ್ಲಿ ಬರೆಯತೊಡಗಿದರು. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಎಂದು ಅಂಗಡಿಯಲ್ಲಿ ಹೇಳಿದರಂತೆ. 'ಮಳೆ ಲೆಕ್ಕ' ಎಂದು ಪರದೆಯ ಮೇಲೆ ಕಾಣುತ್ತಿದ್ದುದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅದೇ ದಿನ ಹಳೆಯ ಯಂತ್ರವನ್ನು ಕೊಟ್ಟುಬಂದರು. ಹಾಕಿಕೊಂಡದ್ದು ಕೈಮರ, ಒಂದೆರಡು ಕಿಲೋಬೈಟಿನದು. ವಾರ ಬಿಟ್ಟು ಹೋಗಿ ವಿಚಾರಿಸುವಷ್ಟರಲ್ಲಿ ಅಂಗಡಿಯವರು ಹಳೆಯ ಯಂತ್ರವನ್ನು ಒರೆಸಿ ಬೇರೆಯವರಿಗೆ ಮಾರಿದ್ದರು. ೨೦೧೯ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದ ಆ ವಾರ ತಮ್ಮ ತೋಟದ ಮೇಲೆ ಎಷ್ಟು ಇಂಚು ಬಿತ್ತೆಂಬುದು ಆ ಮನೆಯಲ್ಲಿ ಈಗ ಯಾರಿಗೂ ತಿಳಿಯದು. ಪಕ್ಕದ ತೋಟದ ಪುಸ್ತಕ ತಂದು ತುಂಬಿಕೊಂಡಿದ್ದಾರೆ. ಆದರೆ ಒಂದು ಗುಡ್ಡ ದಾಟಿದರೆ ಮಳೆ ಬೇರೆಯೇ ಆಗುವ ಸೀಮೆ ನಮ್ಮದು. ಯಜಮಾನರು ಆ ಪುಟಗಳನ್ನು ಮುಟ್ಟುವುದಿಲ್ಲ.

ಹಾಗಾದರೆ ಎಲ್ಲೆಲ್ಲಿ ಹುಡುಕಬೇಕು? ಹೆಚ್ಚಿನ ಫೈಲುಗಳು ಬಳಕೆದಾರನ ಹೆಸರಿನ ಫೋಲ್ಡರಿನಲ್ಲಿ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಂಬ ನಾಲ್ಕು ಕಡೆ ಸಿಕ್ಕುತ್ತವೆ. ಮಗನೋ ಮಗಳೋ ಬೇರೆ ಹೆಸರಿನಲ್ಲಿ ಒಳಹೋಗುತ್ತಿದ್ದರೆ ಅವರದು ಬೇರೆ ಫೋಲ್ಡರು. ಡಿ ಡ್ರೈವನ್ನು ಮರೆಯಬಾರದು. ರೈಟರು ಹಳೆಯ ವರ್ಷಗಳ ಲೆಕ್ಕವನ್ನು ಸಾಮಾನ್ಯವಾಗಿ ಅಲ್ಲಿಯೇ ಸರಿಸಿರುತ್ತಾರೆ. ರೈಟರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡತಕ್ಕದ್ದು. ಯಾವ ಫೈಲು ಎಲ್ಲಿದೆಯೆಂಬುದು ಪೇಟೆಯಿಂದ ಬಂದ ಹುಡುಗನಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಟ್ಯಾಲಿಯಲ್ಲಿ ಲೆಕ್ಕ ಇಡುವವರು ಒಂದು ಮಾತು ಗಮನಿಸಿರಿ. ನಿಮ್ಮ ತೋಟದ ಹೆಸರಿನ ಫೋಲ್ಡರು ಅಲ್ಲಿ ಕಾಣದಿರಬಹುದು. ದತ್ತಾಂಶ ಇರುವುದು ೧೦೦೦೦, ೧೦೦೦೧ ಎಂಬಂಥ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ. ಏನೋ ಕಸವೆಂದು ಬಿಟ್ಟುಬರುವವರು ಉಂಟು. ಟ್ಯಾಲಿಯ ಒಳಗಿರುವ ಬ್ಯಾಕಪ್ ಎಂಬುದನ್ನು ಉಪಯೋಗಿಸಿ ಪ್ರತಿ ತೆಗೆದು, ಹೊಸ ಯಂತ್ರದಲ್ಲಿ ಅದನ್ನು ರಿಸ್ಟೋರ್ ಮಾಡುವುದು ಕ್ರಮ. ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಆವೃತ್ತಿ ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆ. ಮಾರ್ಪಟ್ಟ ಮೇಲೆ ಅದು ಹಳೆಯ ಆವೃತ್ತಿಯಲ್ಲಿ ತೆರೆಯದೆ ಹೋಗಬಹುದು. ಆದಕಾರಣ ಮುಟ್ಟದ ಪ್ರತಿಯೊಂದು ಪ್ರತ್ಯೇಕವಾಗಿರಲಿ. ಪರವಾನಿಗೆಯೂ ಒಂದು ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಳೆಯದರಲ್ಲಿ ಅದನ್ನು ಸರೆಂಡರ್ ಮಾಡಿ, ಆ ಬಳಿಕ ಹೊಸದರಲ್ಲಿ ಚಾಲೂ ಮಾಡಬೇಕು. ಇದಕ್ಕೆ ಇಂಟರ್ನೆಟ್ ಬೇಕಾಗುವುದರಿಂದ ಲೈನು ಸರಿಯಿರುವ ದಿನ ನೋಡಿಕೊಳ್ಳಿರಿ.

ಕನ್ನಡದ ಕಾಗದಗಳ ಪಾಡು ಬೇರೆಯೇ ಒಂದು ಕಥೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ನಮ್ಮಲ್ಲಿ ಅನೇಕರು ಮೊದಲು ಕನ್ನಡ ಬೆರಳಚ್ಚು ಕಲಿತದ್ದು ಇವುಗಳಲ್ಲಿಯೇ. ಆದರೆ ಆ ಕಾಲದ ಫಾಂಟುಗಳಲ್ಲಿ ಬೆರಳಚ್ಚಾದ ಕಾಗದದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟಿನ ಕೆಲಸ. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚಿಬಿದ್ದು, ಅಪ್ಪನ ಕಾಲದ ವಿಭಾಗ ಪತ್ರ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತದೆ. ಹೆದರಿ ಅಳಿಸಬೇಡಿ, ಕಾಗದ ಕೆಟ್ಟಿಲ್ಲ. ನುಡಿಯನ್ನೋ ಬರಹವನ್ನೋ ಹೊಸ ಯಂತ್ರದಲ್ಲಿ ಕೂರಿಸಿದರೆ ಅಕ್ಷರ ಮರಳಿ ಬರುತ್ತದೆ. ಇನ್ನೂ ಒಳ್ಳೆಯದೆಂದರೆ ಯೂನಿಕೋಡಿಗೆ ಪರಿವರ್ತಿಸುವುದು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಇರುವುದರಿಂದ ಯಾವ ಯಂತ್ರದಲ್ಲಿ ತೆರೆದರೂ, ಕೈಯಲ್ಲಿರುವ ಫೋನಿನಲ್ಲಿಯೂ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. (ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಯೂನಿಕೋಡ್ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಗಂಗಾಮೂಲದಲ್ಲಿ ಹುಟ್ಟುವ ಹೊಳೆಯ ಹೆಸರು ಅಷ್ಟು ದೂರ ಹೋಗಿಬಂದಿದೆ.) ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಒಮ್ಮೊಮ್ಮೆ ತಪ್ಪಾಗುತ್ತವೆ. ಆದ್ದರಿಂದ ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಮುಖ್ಯ ಕಾಗದಗಳನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಕೊಂಡರೆ, ಮೂಲ ಹೇಗಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಹೊತ್ತು ತರುವ ಗಾಡಿ ಯಾವುದು? ಇಂಟರ್ನೆಟ್ ಮೂಲಕ ಕಳಿಸಬಹುದಲ್ಲ ಎಂದು ಬೆಂಗಳೂರಿನಲ್ಲಿರುವ ಮಕ್ಕಳು ಹೇಳುತ್ತಾರೆ. ಕಳಸದ ಘಟ್ಟದ ಮೇಲೆ ಕುಳಿತು ಲೆಕ್ಕ ಹಾಕೋಣ. ನಿಮ್ಮ ಪಟ, ಲೆಕ್ಕ ಎಲ್ಲ ಸೇರಿ ನೂರು ಗಿಗಾಬೈಟ್ ಇದೆಯೆನ್ನಿ. ಲೈನಿನ ವೇಗ ಸೆಕೆಂಡಿಗೆ ೫ ಮೆಗಾಬಿಟ್ ಆದರೆ ಎಡೆಬಿಡದೆ ಸುಮಾರು ೪೪ ಗಂಟೆ ಬೇಕು. ಎರಡು ಹಗಲು ಎರಡು ರಾತ್ರಿ ಕರೆಂಟು ಹೋಗದೆ ಇರುವ ಊರು ನಮ್ಮಲ್ಲಿ ಯಾವುದಿದೆ? ಅಷ್ಟನ್ನೇ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕಿಗೆ ತುಂಬಲು ಒಂದೆರಡು ಗಂಟೆ ಸಾಕು. ಪೆನ್ ಡ್ರೈವಾದರೂ ಆದೀತು. ಆದರೆ ಎಫ್‌ಎಟಿ೩೨ ಎಂಬ ಪದ್ಧತಿಯಲ್ಲಿ ಸಿದ್ಧವಾದ ಪೆನ್ ಡ್ರೈವಿಗೆ ನಾಲ್ಕು ಗಿಗಾಬೈಟಿಗೆ ಮೀರಿದ ಒಂದೇ ಫೈಲು ಹಿಡಿಯುವುದಿಲ್ಲ. ಮದುವೆಯ ವೀಡಿಯೊ ಎಷ್ಟು ಸಲ ಹಾಕಿದರೂ ನಿಂತುಹೋಗುವುದು ಸಾಮಾನ್ಯವಾಗಿ ಇದರಿಂದಲೇ. ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಿದರೆ ಹಿಡಿಯುತ್ತದೆ. ಬದಲಿಸುವಾಗ ಅದರಲ್ಲಿದ್ದುದೆಲ್ಲ ಅಳಿಯುವುದರಿಂದ ಮೊದಲು ಖಾಲಿ ಮಾಡಿಕೊಳ್ಳಿರಿ.

ಸಾಗಿಸುವಾಗ ಯಾವಾಗಲೂ ಕಾಪಿ ಮಾಡಿರಿ, ಕಟ್ ಮಾಡಬೇಡಿರಿ. ಮಧ್ಯದಲ್ಲಿ ವೈರು ಅಲುಗಿದರೂ ಕಾಪಿಯಲ್ಲಿ ಮೂಲ ಅಲ್ಲಿಯೇ ಉಳಿದಿರುತ್ತದೆ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಿತ್ತೆಳೆಯದೆ, ಇಜೆಕ್ಟ್ ಎಂಬುದನ್ನು ಒತ್ತಿ ತೆಗೆಯಿರಿ. ಹೂಮಳೆಯ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಈ ಕೆಲಸಕ್ಕೆ ಕೂರಲೇಬೇಡಿ. ಗುಡುಗು ದೂರದಲ್ಲಿ ಕೇಳಿದರೂ ಪ್ಲಗ್ಗನ್ನೂ ಇಂಟರ್ನೆಟ್ಟಿನ ವೈರನ್ನೂ ಬಿಚ್ಚಿಡಿ. ಹಳೆಯದು, ಹೊಸದು, ನಡುವಿನ ಡಿಸ್ಕು, ಮೂರೂ ಒಂದೇ ಬೋರ್ಡಿಗೆ ಸಿಕ್ಕಿಕೊಂಡಿರುವ ಆ ಎರಡು ಗಂಟೆಯಲ್ಲಿ ಸಿಡಿಲು ಬಂದರೆ ಮೂರೂ ಹೋಗುತ್ತವೆ. ಡಿಸ್ಕನ್ನು ಮಳೆಗಾಲಕ್ಕೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವರನ್ನೂ ಕಂಡಿದ್ದೇನೆ. ಅದೇನು ಹೊಗೆಗೆ ಒಣಗಿಸುವ ವಾಟೆಹುಳಿಯಲ್ಲ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ, ಹೊಸ ಚಪ್ಪಲಿ ಚೀಲಗಳೊಡನೆ ಬರುತ್ತವಲ್ಲ, ಆ ತೇವ ಹೀರುವ ಪೊಟ್ಟಣ ಹಾಕಿಡಿ.

ಹೊಸ ಯಂತ್ರ ಕೊಳ್ಳುವಾಗ ಒಂದು ಎಚ್ಚರಿಕೆ. ವಿಂಡೋಸ್ ೧೧ರ ಅನೇಕ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಹೋದ ಕೂಡಲೇ ಡಿಸ್ಕು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಅದರ ಬೀಗದ ಕೈ ೪೮ ಅಂಕಿಗಳದು. ಆ ಕೈ ಹೋಗಿ ಕೂರುವುದು ಯಾರ ಖಾತೆಯಿಂದ ಯಂತ್ರ ಚಾಲೂ ಆಯಿತೋ ಅವರ ಖಾತೆಯಲ್ಲಿ. ಅಂಗಡಿಯ ಹುಡುಗ ಅವಸರಕ್ಕೆ ತನ್ನದೇ ಇಮೇಲ್ ಹಾಕಿ ಚಾಲೂ ಮಾಡಿಕೊಟ್ಟರೆ, ನಿಮ್ಮ ಕಣಜದ ಬೀಗದ ಕೈ ಅವನ ಜೇಬಿನಲ್ಲಿ ಉಳಿಯಿತು. ಮುಂದೆಂದಾದರೂ ಯಂತ್ರ ಕೆಟ್ಟು ಆ ಅಂಕಿ ಕೇಳಿದಾಗ ಅವನು ಎಲ್ಲಿರುತ್ತಾನೋ! ಆದುದರಿಂದ ನಿಮ್ಮ ಹೆಸರಿನ ಇಮೇಲಿನಿಂದಲೇ ಚಾಲೂ ಮಾಡಿಸಿ. ಆ ೪೮ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿ.

ಎಲ್ಲ ಬಂದಿತು ಎನ್ನುವ ಮೊದಲು ತಾಳೆ ನೋಡಬೇಕು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ನಿದರ್ಶನವಿದೆ. ೨೦೦೦ದ ಆಸುಪಾಸಿನ ವರ್ಷಗಳಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿಸಿದರು. ಅನಂತರ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಷ್ಟು ದೊಡ್ಡ ಕೆಲಸದಲ್ಲಿ ಅಲ್ಲೊಂದು ಇಲ್ಲೊಂದು ಹೆಸರಿನ ಅಕ್ಷರವೋ ಗುಂಟೆಯ ಅಂಕಿಯೋ ತಪ್ಪದೆ ಇರಲಾರದು. ಅಂಥ ತಪ್ಪನ್ನು ತಿದ್ದಿಸಲು ಸಾಧ್ಯವಾದುದು ಹಳೆಯ ಪುಸ್ತಕ ಇದ್ದುದರಿಂದ. ಹೊಸದರಲ್ಲಿ ಏನಿದೆ ಎಂಬುದನ್ನು ಹಳೆಯದರ ಪಕ್ಕದಲ್ಲಿಟ್ಟು ತೋರಿಸಬಹುದಾಗಿತ್ತು.

ನಿಮ್ಮ ಮನೆಯಲ್ಲಿಯೂ ಹಾಗೆಯೇ ಮಾಡಿರಿ. ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಪ್ರತಿ ಫೋಲ್ಡರಿನಲ್ಲಿ ಎಷ್ಟು ಫೈಲುಗಳಿವೆ, ಒಟ್ಟು ಗಾತ್ರವೆಷ್ಟು ಎಂಬುದನ್ನು ಹೋಲಿಸಿ. ಸಂಖ್ಯೆ ಸರಿಯಾದರೆ ಸಾಲದು, ಒಂದೊಂದರಲ್ಲಿ ಐದಾರನ್ನು ತೆರೆದು ಓದಿ. ಟ್ಯಾಲಿಯಲ್ಲಿ ಟ್ರಯಲ್ ಬ್ಯಾಲೆನ್ಸು ಎರಡರಲ್ಲಿಯೂ ಪೈಸೆಗೆ ಪೈಸೆ ಕೂಡಬೇಕು. ಮಳೆಯ ಲೆಕ್ಕದಲ್ಲಿ ಯಾವುದಾದರೂ ಮೂರು ವರ್ಷದ ಮೊತ್ತ ನೋಡಿ. ಮುಂಗಡದ ಬಾಕಿಯನ್ನು ಅಚ್ಚು ಹಾಕಿಸಿದ ಕಾಗದದ ಜೊತೆ ಸಾಲುಸಾಲಾಗಿ ನೋಡಿ.

ಆಮೇಲೂ ಹಳೆಯ ಯಂತ್ರವನ್ನು ಒಂದು ಪೂರ್ತಿ ವರ್ಷ, ಮುಂದಿನ ಕೊಯ್ಲು ಮುಗಿದು ಮಾರ್ಚಿಯ ಲೆಕ್ಕ ಮುಚ್ಚುವವರೆಗೆ, ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಕೆಲವು ಫೈಲುಗಳನ್ನು ನಾವು ತೆರೆಯುವುದೇ ವರ್ಷಕ್ಕೊಂದು ಸಲ. ಸಾಲದ ನವೀಕರಣಕ್ಕೆ, ಕ್ಯೂರಿಂಗಿನ ಲೆಕ್ಕ ಕೂಡಿಸುವುದಕ್ಕೆ, ಬೋನಸ್ಸಿಗೆ. ಅದು ಬಂದಿಲ್ಲವೆಂದು ತಿಳಿಯುವುದು ಆ ದಿನವೇ. ಅಂಗಡಿಯ ರಿಯಾಯಿತಿ ಒಂದೆರಡು ಸಾವಿರ ಇರಬಹುದು. ಅದಕ್ಕಾಗಿ ಅವಸರ ಬೇಡ. ಇಂಟರ್ನೆಟ್ಟಿಗೆ ಮಾತ್ರ ಅದನ್ನು ಸಿಕ್ಕಿಸಬೇಡಿ. ಯಂತ್ರ ಚೆನ್ನಾಗಿದ್ದರೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಸಿ ಮಕ್ಕಳ ಓದಿಗೆ ಬಿಡಬಹುದು. ಆದರೆ ಅದು ವರ್ಷ ಕಳೆದ ಮೇಲಿನ ಮಾತು. ಲಿನಕ್ಸ್ ಹಾಕಿಸುವಾಗ ಹಳೆಯದೆಲ್ಲ ಒರೆಸಿಹೋಗಬಹುದು.

ಗುಜರಿಗೆ ಕೊಡುವುದೇ ಆದರೆ ಒಳಗಿನ ಡಿಸ್ಕನ್ನು ಬಿಚ್ಚಿಸಿಕೊಂಡು ಕೊಡಿ. ಬರಿದೆ ಅಳಿಸಿದ್ದನ್ನು ತಿಳಿದವರು ಮತ್ತೆ ತೆಗೆಯಬಲ್ಲರು. ನಿಮ್ಮ ಆಧಾರ್ ಪ್ರತಿ, ಪಾಸ್ ಬುಕ್ಕು, ಆಳುಗಳ ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲ ಅದರಲ್ಲಿವೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಉಳಿದ ಭಾಗಗಳು ನೋಂದಾಯಿತ ಮರುಬಳಕೆದಾರರಿಗೆ ತಲಪಬೇಕು. ಕೆರೆಯ ಏರಿಯ ಮೇಲೆ ಎಸೆಯುವುದಾಗಲಿ, ತಂತಿಗಾಗಿ ಸುಡುವುದಾಗಲಿ ಕೂಡದು.

ಒಬ್ಬರೇ ಮಾಡಲು ಹಿಂಜರಿಯುವವರು ಮುಂದಿನ ಸಂತೆಯ ದಿನ ಬೆಳಿಗ್ಗೆ ಇದೇ ಕಟ್ಟಡಕ್ಕೆ ಯಂತ್ರಗಳನ್ನು ತರಬಹುದು. ಹಳೆಯದರ ಪವರ್ ವೈರು, ಪಾಸ್‌ವರ್ಡು ಬರೆದ ಚೀಟಿ, ಟ್ಯಾಲಿಯ ಪರವಾನಿಗೆಯ ಕಾಗದ, ಖಾಲಿ ಡಿಸ್ಕು, ಇವಿಷ್ಟು ಜೊತೆಗಿರಲಿ. ಸಾಧ್ಯವಾದರೆ ರೈಟರನ್ನೂ ಕರೆತನ್ನಿ. ಮೋಡ ಕಟ್ಟಿದರೆ ಅದರ ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ.